ಅವ್ವನ ಮೂಗು ಮತ್ತು ಅಳಿಯನ ಕೆಂಪು ವೈನ್

ನನ್ನ ತಂಗಿಯ ಗಂಡ ವಿಜಯಪುರದ ಕಡೆ ವೈನ್ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಮದುವೆಯಾದ ಮೇಲೆ ಎರಡು ವರ್ಷ, ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದಾಗಲೆಲ್ಲ ಅವನು ತರುತ್ತಿದ್ದದ್ದು ಬರೀ ಒಣದ್ರಾಕ್ಷಿ. ವೈನ್ ತರಲು ಅವ್ವನ ಹೆದರಿಕೆ. ತಂಬ್ರಹಳ್ಳಿಯಲ್ಲಿದ್ದ ಅವಳ ಅಪ್ಪ ಸಾರಾಯಿ ಕುಡಿದು ಕುಡಿದೇ ಸತ್ತವನು. ಯಾರ ಕೈಯಲ್ಲಾದರೂ ಬಾಟಲಿ ಕಂಡರೆ ಅವ್ವ ಎದ್ದು ಹೋಗುತ್ತಿದ್ದಳು.

ಹೋದ ವರ್ಷ ಒಂದು ಭಾನುವಾರ ಅವನು ಧೈರ್ಯ ಮಾಡಿ ಒಂದು ಬಾಟಲಿ ತಂದ. ದ್ರಾಕ್ಷಿ ಕೊಯ್ಲಿನಿಂದ ಹಿಡಿದು ತಾನೇ ನಿಂತು ಮಾಡಿಸಿದ ಮೊದಲ ವೈನ್, ಮನೆಯವರಿಗೆ ತೋರಿಸದೆ ಇರಲಾಗಲಿಲ್ಲ ಎಂದ. ಅವ್ವ ಎದ್ದು ಒಳಗೆ ಹೋಗಿ ಮಟನ್ ಸಾರಿಗೆ ಖಾರ ಅರೆಯತೊಡಗಿದಳು.

ಊಟಕ್ಕೆ ಕೂತು ನಾನು, ತಂಗಿ, ಅವನು ಮೂವರೂ ಸ್ಟೀಲ್ ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಿಕೊಂಡೆವು. ಬಣ್ಣ ಹೆಚ್ಚುಕಡಿಮೆ ಕಪ್ಪು. ನೀರಿನ ಹಾಗೆ ಇಳಿದುಹೋಗದೆ ನಾಲಗೆಯ ಮೇಲೆ ಮಂದವಾಗಿ ಕೂತು, ಕೊನೆಗೆ ನೇರಳೆಹಣ್ಣು ತಿಂದಂಥ ಒಗರು ಬಿಟ್ಟಿತು. ನನಗೆ ಹಿಡಿಸಿತು. ಆದರೆ ಅವ್ವನ ಸಾರಿನ ಒಂದು ತುತ್ತು ತಿಂದು ಮತ್ತೆ ಕುಡಿದರೆ ಬಾಯಿಯೆಲ್ಲ ಬೆಂಕಿ, ವೈನ್ ಬರೀ ಕಹಿ. ಅಳಿಯನ ಮುಖ ಸಪ್ಪಗಾಯಿತು.

ಬಾಗಿಲಲ್ಲಿ ನಿಂತಿದ್ದ ಅವ್ವ ಏನಾಯಿತೆಂದು ಕೇಳಿದಳು. ಖಾರ ಜಾಸ್ತಿಯಾದರೆ ಇಂಥ ಗಟ್ಟಿ ವೈನಿನ ಒಗರು ಮೇಲೇಳುತ್ತದೆ, ಕೊಬ್ಬು ಸಿಕ್ಕರೆ ಮೆತ್ತಗಾಗುತ್ತದೆ ಎಂದು ಅವನು ವಿವರಿಸಿದ. ತಪ್ಪು ಅಡುಗೆಯದಲ್ಲ, ತನ್ನ ವೈನಿನದು ಅಂತಲೂ ಸೇರಿಸಿದ.

ಅವ್ವ ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಚೆಲ್ಲಿಬಿಡುತ್ತಾಳೇನೋ ಅಂದುಕೊಂಡೆ. ಅವಳು ಕಣ್ಣು ಮುಚ್ಚಿ ಮೂಸಿದಳು, ಬಹಳ ಹೊತ್ತು.

"ಇದು ಸಾರಾಯಿ ವಾಸನಿ ಅಲ್ಲ," ಅಂದಳು. "ನೇರಳಿಹಣ್ಣು ಐತಿ. ಹುರಿದ ಕರಿಮೆಣಸು ಐತಿ. ಇದಕ್ಕ ಮತ್ತ ಮೆಣಸಿನಕಾಯಿ ಯಾಕ್ರಿ ಅಳಿಯಾರ?"

ನನ್ನ ಮಗಳಿಗೆಂದು ಖಾರ ಹಾಕದೆ ತೆಗೆದಿಟ್ಟಿದ್ದ ಮಟನ್ ತುಂಡುಗಳು ಒಳಗಿದ್ದವು. ಅವನ್ನು ಬೆಳ್ಳುಳ್ಳಿ, ಒಣಕೊಬ್ಬರಿ, ಚಿಟಿಕೆ ಕರಿಮೆಣಸು ಹಾಕಿ ಅದರದೇ ಕೊಬ್ಬಿನಲ್ಲಿ ಕೆಂಪಗೆ ಹುರಿದು, ಬಿಸಿ ಜೋಳದ ರೊಟ್ಟಿಯ ಮೇಲಿಟ್ಟು ತಂದಳು. ಈ ಸಲ ಕಹಿ ಇರಲಿಲ್ಲ. ಕೊಬ್ಬಿನ ಜೊತೆ ಒಗರು ಕರಗಿ ಹಣ್ಣಿನ ರುಚಿ ಮುಂದೆ ಬಂತು. ಅಳಿಯ ಮೂರು ರೊಟ್ಟಿ ಮುಗಿಸಿದ.

ಸಂಜೆ ಪಾತ್ರೆ ತೊಳೆಯುವಾಗ ಅವ್ವ ತಾನಾಗಿಯೇ ತನ್ನ ಅಪ್ಪನ ಮಾತು ತೆಗೆದಳು. ಕುಡಿಯದ ದಿನ ಅವನು ಜೋಳ ಮೂಸಿ ಹೊಸದೋ ಹಳೆಯದೋ ಹೇಳುತ್ತಿದ್ದನಂತೆ. ಸಂತೆಗೆ ಹೋಗುವವರು ಅವನನ್ನು ಕರೆದುಕೊಂಡೇ ಹೋಗುತ್ತಿದ್ದರಂತೆ. "ನನ್ನ ಮೂಗು ನಮ್ಮಪ್ಪಂದು," ಅಂದಳು. ಅವನ ಬಗ್ಗೆ ಅವಳ ಬಾಯಲ್ಲಿ ಒಂದು ಒಳ್ಳೆಯ ಮಾತು ನಾನು ಕೇಳಿದ್ದು ಅದೇ ಮೊದಲು.

ಅವ್ವ ಇವತ್ತಿಗೂ ಒಂದು ಹನಿ ಕುಡಿದವಳಲ್ಲ. ಆದರೆ ಅಳಿಯ ಈಗ ಹೊರಡುವ ಮೊದಲು ಫೋನ್ ಮಾಡಿ ಯಾವ ವೈನ್, ಎಂಥ ವಾಸನೆ ಅಂತ ಹೇಳಬೇಕು. ಕೇಳಿಕೊಂಡು ಅವಳು ಮಟನ್ನೋ, ಶೇಂಗಾ ಎಳ್ಳು ತುಂಬಿದ ಎಣ್ಣೆಗಾಯಿಯೋ ತೀರ್ಮಾನಿಸುತ್ತಾಳೆ. ಹೋದ ತಿಂಗಳು ಎಣ್ಣೆಗಾಯಿ ಮಾಡಿದ್ದಳು. ಮಟನ್‌ಗಿಂತ ಅದೇ ಚೆನ್ನಾಗಿ ಹೊಂದಿತು.