ನಾಚಾರಂನಲ್ಲಿ ಬೆಸೆದ ಕೊಳವೆ

ಪಿಎಚ್.ಡಿ.ಯ ಎರಡನೆಯ ವರ್ಷ ನನ್ನ ಮೂರು ಕೊಳವೆಗಳು ಕುಲುಮೆಯೊಳಗೇ ಸೀಳಿಹೋದವು. ಸೀಸ, ತವರ, ಸೆಲೆನಿಯಂಗಳನ್ನು ಕ್ವಾರ್ಟ್ಜ್ ಗಾಜಿನ ಕೊಳವೆಗೆ ಹಾಕಿ, ಗಾಳಿ ತೆಗೆದು, ಬಾಯಿ ಬೆಸೆದು, ದಿನಗಟ್ಟಲೆ ಕಾಯಿಸಿ ಹರಳು ಬೆಳೆಸುವುದು ನನ್ನ ಕೆಲಸ. ಗೈಡ್ ಬೈಯಲಿಲ್ಲ. ಇದೇ ನಗರದ ಕಾರ್ಖಾನೆಗಳ ಬಡಾವಣೆ ನಾಚಾರಂನಲ್ಲಿ ಗಾಜಿನ ಕೆಲಸ ಮಾಡುವವರೊಬ್ಬರಿದ್ದಾರೆ, ಒಡೆದ ಚೂರು ತೋರಿಸಿ ಬಾ ಎಂದರು.

ತಗಡಿನ ಶೆಡ್ಡಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಉರಿಯ ಮುಂದೆ ಕೂತಿದ್ದರು. ಆ ಊರಿನ ರೂಢಿಯಂತೆ ತೆಲುಗಿನಲ್ಲೇ ಮಾತಾಡುತ್ತಿದ್ದೆವು. ನಡುವೆ ಊರಿನಿಂದ ಫೋನ್ ಬಂತು. "ಅವ್ವಾ, ಆಮ್ಯಾಲೆ ಮಾಡ್ತೀನಿ" ಎಂದೆ. ಅವರು ಉರಿ ತಗ್ಗಿಸಿದರು.

"ಯಾವ ಊರಾಕಿ ನೀ?"

"ರಾಯಚೂರು ರೀ."

"ನಮ್ಮದು ಬೀದರ."

ಈ ವಿದ್ಯೆಯನ್ನು ಗಂಡ ಕಲಿಸಿದ್ದರಂತೆ. ಅವರು ತೀರಿಕೊಂಡ ಮೇಲೂ ಇವರು ಕೆಲಸ ನಿಲ್ಲಿಸಿರಲಿಲ್ಲ. ಚೂರನ್ನು ಬೆಳಕಿಗೆ ಹಿಡಿದು ಕೇಳಿದರು, "ಇದನ್ನ ಬರಿಗೈಲೆ ಹಿಡದಿದ್ದೇನು?"

"ಹೌದ್ರಿ, ತೊಳೆದ ಮ್ಯಾಲೆ."

"ಇಲ್ಲಿ ನೋಡು, ಬೆಳ್ಳಗಾಗ್ಯದ. ಬೆವರಿನ ಉಪ್ಪು ಕುಂತಿದ್ದ ಜಾಗ. ಕಾಯ್ದಾಗ ಗಾಜು ಅಲ್ಲೇ ಕೆಡ್ತದ."

ಅಷ್ಟೊಂದು ಓದಿದವಳಿಗೆ ಇಷ್ಟು ತಿಳಿದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನನ್ನ ಕೈಗೆ ಗವಸು ಹಾಕಿಸಿ, ದಪ್ಪ ಗೋಡೆಯ ಹೊಸ ಕೊಳವೆಯನ್ನು ನನ್ನಿಂದಲೇ ತೊಳೆಸಿ, ಮರುದಿನ ನಾನು ಸಾಮಗ್ರಿ ತಂದಾಗ ಅದನ್ನು ತುಂಬಿ, ಗಾಳಿ ತೆಗೆದು ಅವರೇ ಬೆಸೆದುಕೊಟ್ಟರು.

ಅದು ಒಡೆಯಲಿಲ್ಲ. ಕಡಲೆಬೇಳೆಯಷ್ಟು ಹರಳು ಸಿಕ್ಕಿತು. ಬ್ಲೇಡಿನಿಂದ ಸೀಳಿದರೆ ಥಳಥಳ ಹೊಳೆಯುವ ಮುಖ. ಡಬ್ಬಿಯಲ್ಲಿಟ್ಟುಕೊಂಡು ಅವರಿಗೆ ತೋರಿಸಲು ಹೋದೆ.

"ಏನದ ಇದರಾಗ ಅಂಥಾದ್ದು?"

"ಭಾಳ ತಣ್ಣಗ ಮಾಡಿದ್ರ ಒಳಗ ಕರೆಂಟ್ ಓಡಂಗಿಲ್ರಿ, ಮೈಮ್ಯಾಲೆ ಅಷ್ಟ ಓಡತೈತಿ. ಪರಮಾಣುಗಳು ಎಡಕ್ಕ ಹ್ಯಾಂಗೋ ಬಲಕ್ಕೂ ಹಂಗ ನಿಂತಾವ, ನಡುವ ಕನ್ನಡಿ ಇಟ್ಟಂಗ. ಆ ಹೊಂದಿಕಿ ಇರೋತನಕ ಮೈಮ್ಯಾಲಿನ ದಾರಿ ಮುಚ್ಚಂಗಿಲ್ಲ."

ಅವರು ಡಬ್ಬಿಯನ್ನು ಓರೆ ಮಾಡಿ ಹರಳನ್ನು ನೋಡಿದರು. "ಒಂದು ಬಾಜೂ ಒತ್ತಿ ಸೊಟ್ಟ ಮಾಡಿದ್ರ?"

"ಆವಾಗ ಮುಚ್ಚಬೇಕ್ರಿ."

"ಮಾಡಿ ನೋಡೀಯೇನು?"

ನೋಡಿರಲಿಲ್ಲ. ಬಸ್ಸಿನಲ್ಲಿ ಮರಳುವಾಗ ಅದೇ ತಲೆಯಲ್ಲಿತ್ತು. ಗೈಡ್‌ಗೆ ಹೇಳಿದೆ, ಅವರು ಒಪ್ಪಿದರು. ತಿಂಗಳುಗಳ ನಂತರ ಅಳತೆಯ ದಿನ, ಒತ್ತಡವಿಲ್ಲದ ಹರಳಿನಲ್ಲಿ ಎಲೆಕ್ಟ್ರಾನುಗಳ ಶಕ್ತಿ ತೋರುವ ಎರಡು ಗೆರೆಗಳು ಪರದೆಯ ಮೇಲೆ ಒಂದು ಬಿಂದುವಿನಲ್ಲಿ ಕೂಡಿದವು. ಎಲೆಕ್ಟ್ರಾನುಗಳಿಗೆ ದಾರಿ ತೆರೆದಿದೆ ಎಂಬುದಕ್ಕೆ ಅದೇ ಗುರುತು. ಕನ್ನಡಿಯ ಹೊಂದಿಕೆ ಕೆಡುವಂತೆ ಮೆಲ್ಲಗೆ ಒತ್ತಿದಾಗ ಗೆರೆಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿತ್ತು, ಅಂದರೆ ದಾರಿ ಮುಚ್ಚಿತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಅದೇ.

ಮರುದಿನ ಮಧ್ಯಾಹ್ನ ನಾಚಾರಂಗೆ ಹೋದೆ. ಅವರು ಊಟಕ್ಕೆ ಕೂತಿದ್ದರು.

"ಮುಚ್ಚಿತ್ರಿ, ಅಕ್ಕಾರ."

"ನಾ ಸುಮ್ಮ ಕೇಳಿದ್ದೆ, ತಂಗಿ" ಎಂದು ನಕ್ಕು, ಡಬ್ಬಿಯ ಮುಚ್ಚಳದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿ ನನ್ನ ಮುಂದಿಟ್ಟರು.