ಸೊಟ್ಟ ಕೋಣೆಗೆ ಹತ್ತೊಂಬತ್ತು ಡಬ್ಬ

ಪೀಣ್ಯದ ಫ್ಯಾಕ್ಟರಿಗಳ ನೆಲಕ್ಕೆ ಎಪಾಕ್ಸಿ ಹಾಕುವ ತಂಡದಲ್ಲಿ ಹದಿನೆಂಟು ವರ್ಷ ದುಡಿದೆ. ಎರಡು ವರ್ಷದ ಹಿಂದೆ ಬಿಟ್ಟೆ. ಎಪಾಕ್ಸಿ ಎಂದರೆ ಎರಡು ದ್ರವ ಬೆರೆಸಿ ನೆಲಕ್ಕೆ ಸುರಿಯುವ ಬಣ್ಣ. ಬೆರೆಸಿ ಅರ್ಧ ಗಂಟೆಯಲ್ಲಿ ಹರಡದಿದ್ದರೆ ಡಬ್ಬದಲ್ಲೇ ಕಲ್ಲಾಗುತ್ತದೆ. ಬೆರೆಸುವುದು ನನ್ನ ಕೆಲಸ. ಓದಿದ್ದು ಎರಡನೇ ಕ್ಲಾಸು. ಟೇಪಿನ ಅಂಕಿ ಓದಲು ಅಷ್ಟು ಸಾಕು.

ಬಿಡುವ ವರ್ಷ ಒಂದು ಔಷಧಿ ಫ್ಯಾಕ್ಟರಿಯ ಕೆಲಸ ಬಂತು. ರಾಜಕಾಲುವೆ ಪಕ್ಕದ ಕೋಣೆ, ನಾಲ್ಕು ಗೋಡೆ, ಒಂದಕ್ಕೊಂದು ಹೊಂದಿಕೆಯಿಲ್ಲ. ಔಷಧಿ ಮಾಡುವ ನೆಲದಲ್ಲಿ ಜಾಯಿಂಟ್ ಬರಬಾರದು, ಸಂದಿಯಲ್ಲಿ ಕೊಳೆ ಕೂರುತ್ತದೆ. ಒಂದೇ ಸಲಕ್ಕೆ ಮುಗಿಸಬೇಕು. ನಾಲ್ಕನೇ ದಿನ ಮೆಷಿನ್ ಇಳಿಯುವುದಿತ್ತು, ಮೂರು ದಿನ ನೆಲ ಒಣಗಬೇಕು. ಅಂದರೆ ಅವತ್ತೇ ಹಾಕಬೇಕು. ಹಿಂದೊಂದು ಕಡೆ ಮಾಲು ಸಾಲದೆ ನಡುವೆ ಜಾಯಿಂಟ್ ಬಂದು, ಇಡೀ ನೆಲ ಕೆತ್ತಿದ್ದೆವು. ಇನ್ನೊಮ್ಮೆ ಹಾಗಾದರೆ ತಂಡವನ್ನೇ ತೆಗೆಯುತ್ತೇನೆ ಎಂದು ಗುತ್ತಿಗೆದಾರ ಹೇಳಿದ್ದ. ನಾವು ಎಂಟು ಜನ.

ಇದ್ದದ್ದು ಇಪ್ಪತ್ತು ಡಬ್ಬ. ಒಂದು ಡಬ್ಬಕ್ಕೆ ಐವತ್ತು ಚದರಡಿ. ಮೇಸ್ತ್ರಿ ಮುನಿಯಪ್ಪ ಸುತ್ತಲೂ ಗೋಡೆ ಅಳೆದ: ೪೭, ೨೫, ೨೫, ೩೭ ಅಡಿ. ನಮ್ಮ ಕಡೆ ಸೊಟ್ಟ ಸೈಟಿಗೆ ಒಂದು ಲೆಕ್ಕವಿದೆ. ಎದುರುಬದುರು ಬದಿ ಕೂಡಿ ಅರ್ಧ ಮಾಡು, ಬಂದ ಎರಡನ್ನು ಗುಣಿಸು. ಮೂವತ್ತಾರು, ಮೂವತ್ತೊಂದು, ೧,೧೧೬ ಚದರಡಿ.

"ಇಪ್ಪತ್ಮೂರು ಡಬ್ಬ ಬೇಕು. ಕೆಲ್ಸ ಆಗಲ್ಲ," ಅಂದ.

ದಾವಣಗೆರೆ ಕಡೆಯ ವೀಣಾ ಎಂಬ ಇಂಜಿನಿಯರ್ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅವಳು ಬಾಗಿಲ ಮೂಲೆಯಲ್ಲಿ ನಿಂತು, ನನ್ನ ಕೈಗೆ ಟೇಪಿನ ತುದಿ ಕೊಟ್ಟಳು. ಉದ್ದದ ಗೋಡೆಗುಂಟ ಎಷ್ಟು, ಆ ಗೋಡೆಯಿಂದ ಒಳಕ್ಕೆ ಎಷ್ಟು ಎಂದು ಮೂಲೆ ಮೂಲೆಗೆ ಅಳೆಸಿದಳು. ಉದ್ದದ ಗೋಡೆಯ ಕೊನೆ ೪೭, ಸೊನ್ನೆ. ಎದುರು ಮೂಲೆ ೩೨, ೨೦. ಅದರ ಆಚೆಯದು ೧೨, ೩೫.

"ಇವು ವೆಕ್ಟರ್ ಅಜ್ಜಿ. ಒಂದೇ ಮೂಲೆಯಿಂದ ಹೊರಟ ಮೂರು ಬಾಣ ಅನ್ಕೊಳ್ಳಿ."

ಎರಡು ಬಾಣದ ಅಂಕಿಗಳನ್ನು ಓರೆಯಾಗಿ ಗುಣಿಸಿ, ಒಂದರಿಂದ ಇನ್ನೊಂದನ್ನು ಕಳೆಯುವುದು ಕ್ರಾಸ್ ಪ್ರಾಡಕ್ಟ್. ಅದರ ಅರ್ಧವೇ ಆ ಬಾಣಗಳ ನಡುವಿನ ತ್ರಿಕೋನದ ಜಾಗ. ಮೂರು ಬಾಣಕ್ಕೆ ಕೋಣೆ ಎರಡು ತ್ರಿಕೋನವಾಯಿತು. ೪೭ ಇಂಟು ೨೦, ೯೪೦, ಕಳೆಯಲು ಸೊನ್ನೆ, ಅರ್ಧ ೪೭೦. ೩೨ ಇಂಟು ೩೫, ೧,೧೨೦, ಅದರಲ್ಲಿ ೧೨ ಇಂಟು ೨೦, ಅಂದರೆ ೨೪೦ ಕಳೆದು ೮೮೦, ಅರ್ಧ ೪೪೦. ಒಟ್ಟು ೯೧೦ ಚದರಡಿ, ಹತ್ತೊಂಬತ್ತು ಡಬ್ಬ ಸಾಕು.

"ಏನ್ ಮೇಡಂ, ಇನ್ನೂರು ಅಡಿ ನುಂಗ್ಬಿಟ್ರಲ್ಲ! ನಮ್ಮಪ್ಪನ ಕಾಲದಿಂದ ಇಂಗೇ ಅಳ್ದಿರೋದು," ಅಂದ ಮುನಿಯಪ್ಪ.

"ನಿಮ್ಮಪ್ಪ ಎಪಾಕ್ಸಿ ಹಾಕ್ತಿದ್ರೇನ್ರಿ?" ಅಂದಳು ವೀಣಾ.

ನನಗೂ ನಂಬಿಕೆ ಬರಲಿಲ್ಲ. "ಕಳೆಯೋದ್ಯಾಕೆ? ನಂಗೆ ಅರ್ಥ ಆಗೋ ಅಂಗೆ ಯೋಳಿ. ಇಲ್ದಿದ್ರೆ ಮುಚ್ಚಳ ತೆಗೆಯಲ್ಲ," ಅಂದೆ.

ಹುಡುಗಿ ಸಿಟ್ಟಾಗಲಿಲ್ಲ. ರೋಲರಿನ ನಾಲ್ಕು ಕೋಲು ತಂದು ನೆಲದ ಮೇಲೆ ಚೌಕ ಮಾಡಿದಳು. ಆಮೇಲೆ ಒಂದು ಪಕ್ಕಕ್ಕೆ ವಾಲಿಸಿದಳು. ಕೋಲು ಅಷ್ಟೇ ಉದ್ದ, ಒಳಗಿನ ಜಾಗ ಕಮ್ಮಿಯಾಯಿತು. ಪೂರ್ತಿ ವಾಲಿಸಿದಾಗ ಕೋಲುಗಳು ಒಂದಕ್ಕೊಂದು ಅಂಟಿಕೊಂಡವು.

"ಮೇಸ್ತ್ರಿ ಲೆಕ್ಕದಾಗ ಈಗ್ಲೂ ಅಷ್ಟೇ ಜಾಗ ಐತಿ. ಬನ್ನಿ ಮೇಸ್ತ್ರಿ, ಒಳಗೆ ನಿಲ್ಲಿ ನೋಡಣ. ನನ್ನ ಲೆಕ್ಕದಾಗ ಸೊನ್ನೆ. ಗೋಡೆ ವಾಲಿ ತಿಂದಿದ್ದನ್ನ ಕಳೆಯೋದು ಅಜ್ಜಿ, ಅಷ್ಟೇ."

ಮುನಿಯಪ್ಪ ಕೋಲುಗಳನ್ನು ತಾನೇ ಒಮ್ಮೆ ವಾಲಿಸಿ ನೋಡಿದ. ನಾನು ಮೊದಲ ಡಬ್ಬದ ಮುಚ್ಚಳ ತೆಗೆದೆ.

ದೂರದ ಮೂಲೆಯಿಂದ ಸುರಿಯುತ್ತಾ ಬಂದೆವು. ಹತ್ತನೆಯದಾದ ಮೇಲೆ ಎಲ್ಲರೂ ಉಳಿದ ಡಬ್ಬ ಎಣಿಸತೊಡಗಿದೆವು. ಹತ್ತೊಂಬತ್ತನೆಯದು ಅರ್ಧವೂ ಖಾಲಿಯಾಗಿರಲಿಲ್ಲ, ಬೆನ್ನಿಗೆ ಬಾಗಿಲು ತಾಗಿತು. ಇಪ್ಪತ್ತನೆಯದನ್ನು ಮುಚ್ಚಳ ಬಿಚ್ಚದೆ ವಾಪಸ್ ಲಾರಿಗೆ ಹಾಕಿದೆವು. ನೆಲದಲ್ಲಿ ಒಂದು ಗೆರೆ ಇರಲಿಲ್ಲ.

ನಾನು ಕಂಡ ಇಂಜಿನಿಯರುಗಳಲ್ಲಿ ಲೆಕ್ಕ ಬಂದವರು ಬಹಳ ಜನ. ಡಬ್ಬ ಕಲೆಸುವ ಹೆಂಗಸು 'ಯಾಕೆ?' ಎಂದಾಗ ನೆಲದ ಮೇಲೆ ಕೂತು ಕೋಲು ಜೋಡಿಸಿದವಳು ಇವಳೊಬ್ಬಳೇ. ಸುತ್ತಲ ಗೋಡೆ ಅಳೆದವರಿಗೆ ನೆಲ ಸಿಕ್ಕುವುದಿಲ್ಲ, ಗೋಡೆ ಎಷ್ಟು ವಾಲಿದೆ ಎಂದೂ ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು. ಮುನಿಯಪ್ಪನೂ ಕಲಿತ. ಮುಂದಿನ ವಾರ ಮಾದನಾಯಕನಹಳ್ಳಿಯ ಗೋಡೌನಿನಲ್ಲಿ ಟೇಪು ಬಿಚ್ಚುವ ಮೊದಲು, "ಯಾವ ಮೂಲೇಲಿ ನಿಂತ್ಕೊಳ್ಲಿ ಮೇಡಂ?" ಎಂದು ಕೇಳಿದ.