ಮೂರು ಎಂದು ಕೂಗಿದ ಹುಡುಗಿ

ದೆಹಲಿಯ ನಮ್ಮ ಪೀತಮ್‌ಪುರಕ್ಕೆ ಆಗ ಮೆಟ್ರೋ ಬಂದ ಹೊಸತು. ಭಾನುವಾರ ಬಂತೆಂದರೆ ಜನ ಮಕ್ಕಳನ್ನು ಕಟ್ಟಿಕೊಂಡು, ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ, ಬರೀ ಎಸ್ಕಲೇಟರ್ ಹತ್ತಿ ಇಳಿಯಲು ಸ್ಟೇಷನ್ನಿಗೆ ಹೋಗುತ್ತಿದ್ದ ಕಾಲ ಅದು. ಚಳಿಗಾಲದ ಬೆಳಗಿನಲ್ಲಿ ಎದುರುಮನೆಯ ಗೇಟೂ ಕಾಣದಷ್ಟು ಮಂಜು. ಹನ್ನೊಂದಕ್ಕೆ ಬಿಸಿಲು ಬಿತ್ತೋ, ಕಾಲೊನಿಯ ಹೆಂಗಸರೆಲ್ಲ ಪಾರ್ಕಿನಲ್ಲಿ ಚಾಪೆ ಹಾಸಿ ಕಡಲೆಕಾಯಿ ಸುಲಿಯುತ್ತ, ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದೆವು. ಗೇಟಿನ ಹತ್ತಿರ ಗೆಣಸು ಸುಡುವ ಭಯ್ಯಾನ ಕೆಂಡದ ವಾಸನೆ, ಮೂಲಂಗಿಯ ಮೇಲೆ ಹಿಂಡಿದ ನಿಂಬೆಯ ವಾಸನೆ. ಇಂದಿಗೂ ಮೂಗಿನಲ್ಲಿದೆ.

ಬಾಲ್ಯದ ನೆನಪು ಎಂದರೆ ನನ್ನ ವಯಸ್ಸಿನವಳು ಮೈಸೂರಿನ ಕಾನ್ವೆಂಟನ್ನು, ಬಿಳಿ ರಿಬ್ಬನ್ನನ್ನು ಬರೆಯಬೇಕು. ಆದರೆ ಆ ಬಾಲ್ಯವನ್ನು ನಾನು ನೋಡಿಯೇ ಇಲ್ಲ, ಅದರೊಳಗೆ ಇದ್ದೆ ಅಷ್ಟೆ. ನಾನು ಕಣ್ಣಾರೆ ನೋಡಿದ್ದು ನನ್ನ ಮೊಮ್ಮಗಳು ಪಲ್ಲವಿಯ ಬಾಲ್ಯವನ್ನು. ಅದರಲ್ಲೂ ಅವಳಿಗೆ ಹದಿಮೂರು ತುಂಬಿದ ಆ ಒಂದು ಚಳಿಗಾಲವನ್ನು.

ಪಲ್ಲವಿ ತನ್ನ ಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಟೀಮಿನ ಪಾಯಿಂಟ್ ಗಾರ್ಡ್. ಹಾಗೆಂದರೇನು ಎಂದು ನಾನು ಕೇಳಿದಾಗ ಅವಳು ಕೊಟ್ಟ ವಿವರಣೆ ಇದು: "ಬಾಲ್ ತಗೊಂಡು ಬರೋದು ನಾನು ಅಜ್ಜಿ. ಯಾರು ಎಲ್ಲಿ ಓಡ್ಬೇಕು ಅಂತ ಹೇಳೋದೂ ನಾನೇ. ಒನ್ ಅಂದ್ರೆ ಒಂದು ಆಟ, ಟೂ ಅಂದ್ರೆ ಇನ್ನೊಂದು." ಟೀಮಿನಲ್ಲಿ ಎಲ್ಲರಿಗಿಂತ ಕುಳ್ಳಿ ಇವಳೇ, ಎಲ್ಲರಿಗಿಂತ ದೊಡ್ಡ ಗಂಟಲೂ ಇವಳದೇ. ನನಗೆ ಒಳಗೊಳಗೇ ಆಶ್ಚರ್ಯ. ನಮ್ಮ ಸಿಸ್ಟರುಗಳು "ಗರ್ಲ್ಸ್ ಡೂ ನಾಟ್ ಶೌಟ್" ಎಂದು ಎಷ್ಟು ಸಲ ಹೇಳಿದ್ದರೆಂದರೆ, ಮದುವೆಯಾಗಿ ದೆಹಲಿಗೆ ಬಂದು ನಲವತ್ತು ವರ್ಷ ಕಳೆದರೂ ನಾನು ತರಕಾರಿ ಗಾಡಿಯವನನ್ನು ಬಾಲ್ಕನಿಯಿಂದ ಕೂಗಿದವಳಲ್ಲ. ಮೆಟ್ಟಿಲಿಳಿದು ಹೋಗುತ್ತಿದ್ದೆ.

ದಸರೆಯ ಹೊತ್ತಿಗೆ ಒಂದು ಮ್ಯಾಚ್ ಆಯಿತು. ಕೊನೆಯ ನಿಮಿಷದಲ್ಲಿ ಪಲ್ಲವಿ "ಟೂ" ಎಂದು ಕೂಗಿದಳು. ಎದುರಿನವರು ಅಷ್ಟು ಹೊತ್ತಿಗೆ ಇವಳ ಒನ್, ಟೂಗಳನ್ನೆಲ್ಲ ಅರೆದು ಕುಡಿದಿದ್ದರು. ಚೆಂಡು ಇವಳ ಕೈ ಬಿಡುವ ಮೊದಲೇ ಕಸಿದುಕೊಂಡು ಓಡಿದರು. ಮತ್ತೆ ಚೆಂಡು ತಂದಳು, ಮತ್ತೆ ಕೂಗಿದಳು, ಮತ್ತೆ ಕಸಿದರು. ಎರಡೇ ತಪ್ಪಿನಲ್ಲಿ ಮ್ಯಾಚ್ ಹೋಯಿತು. ಹೊರಗೆ ಬರುವಾಗ ಇವಳ ಟೀಮಿನ ಒಬ್ಬಳು, "ಆಗಲೇ ಮೈಕ್ ಹಾಕಿ ಅನೌನ್ಸ್ ಮಾಡಬೇಕಿತ್ತು ನೀನು" ಎಂದಳಂತೆ.

ಅಂದಿನಿಂದ ಹುಡುಗಿಯ ದನಿ ಹೋಯಿತು. ಮನೆಯಲ್ಲಿ ಮಾತಾಡುತ್ತಿದ್ದಳು, ಜಗಳವನ್ನೂ ಆಡುತ್ತಿದ್ದಳು. ಕೋರ್ಟಿನಲ್ಲಿ ಮಾತ್ರ ಬಾಯಿ ಬಿಡಳು. ಚೆಂಡು ಬಡಿಯುವಾಗ ತಲೆ ಎತ್ತುತ್ತಲೇ ಇರಲಿಲ್ಲ. ಅದು ತನ್ನ ಕೈಗೆ ಮತ್ತೆ ಬರುತ್ತದೋ ಇಲ್ಲವೋ ಎನ್ನುವಂತೆ ಅದನ್ನೇ ನೋಡುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ ಸಾಕು, ಕೆಂಡ ಮುಟ್ಟಿದವಳ ಹಾಗೆ ಚೆಂಡನ್ನು ಇನ್ನೊಬ್ಬಳಿಗೆ ದಾಟಿಸಿಬಿಡುತ್ತಿದ್ದಳು.

ಸೊಸೆ ಗೀತಾ ಸೆಂಟ್ರಲ್ ಗವರ್ನಮೆಂಟ್ ಆಫೀಸಿನಲ್ಲಿ ಸ್ಟೆನೋ; ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವವಳಲ್ಲ. "ಅತ್ತೆ, ಬರೋ ವರ್ಷ ಇವಳು ನೈನ್ತ್. ಅಳೋದಕ್ಕೆ ಅಂತ ಆಟಕ್ಕೆ ಕಳಿಸ್ಬೇಕಾ? ಜನವರಿ ಟೂರ್ನಮೆಂಟ್ ಆಡಲಿ. ಅಲ್ಲೂ ಹೀಗೇ ಆದ್ರೆ ಆಟ ಬಿಡಿಸೋದು, ಫಿನಿಶ್." ಪಲ್ಲವಿ ತಟ್ಟೆಯಲ್ಲಿ ಅನ್ನ ಕಲಸುತ್ತ ಸುಮ್ಮನೆ ತಲೆಯಾಡಿಸಿದಳು. ಅವಳು ವಾದ ಮಾಡಲಿಲ್ಲವಲ್ಲ, ಅದು ನನ್ನನ್ನು ಹೆದರಿಸಿತು.

ಆ ವಾರವೇ ಅವಳು ಬಂದು ಹೇಳಿದಳು: "ಅಜ್ಜಿ, ಹೊಸ ಪ್ಲೇಯರ್ ಬಂದಿದಾಳೆ. ಸುದೇಶ್."

"ಸುದೇಶ್ ಬಂದಿದಾನೆ ಅನ್ನಬೇಕು ಕಣೆ," ಎಂದು ತಿದ್ದಿದೆ. ದೆಹಲಿಯಲ್ಲಿ ಹುಟ್ಟಿದ ಮಕ್ಕಳ ಕನ್ನಡವನ್ನು ತಿದ್ದುವುದು ನನ್ನ ಚಟ.

ಮರುದಿನ ಸಂಜೆ ಸುದೇಶ್ ನಮ್ಮ ಮನೆಗೆ ಬಂದಾಗ ತಿದ್ದಿಕೊಳ್ಳಬೇಕಾದವಳು ನಾನೇ ಆದೆ. ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಬಂದ ಹುಡುಗಿ ಅದು! ಹದಿನೈದು ವರ್ಷ, ಹೆಚ್ಚು ಕಡಿಮೆ ಆರಡಿ, ಎರಡು ಜಡೆ, ಎಣ್ಣೆ ಸುರಿಯುವ ತಲೆ. ದೆಹಲಿಯ ಅಂಚಿನ ಯಾವುದೋ ಹರಿಯಾಣದ ಹಳ್ಳಿಯವಳು. ಆಟದ ಮೇಲೆಯೇ ಸ್ಕೂಲಿನವರು ಸೀಟು ಕೊಟ್ಟಿದ್ದರು. ಅಪ್ಪ ಬಸ್ ಡ್ರೈವರ್. ಅವನ ಬಸ್ಸು ನಮ್ಮ ರಸ್ತೆಗೆ ಬರುವುದು ಏಳಕ್ಕೆ. ಐದಕ್ಕೆ ಪ್ರಾಕ್ಟೀಸ್ ಮುಗಿದರೆ ಎರಡು ಗಂಟೆ ಎಲ್ಲಿರುವುದು? ಪಲ್ಲವಿ ಕರೆದುಕೊಂಡು ಬಂದಿದ್ದಳು.

ಕಾಲಿಗೆ ನಮಸ್ಕರಿಸಿ, "ನಮಸ್ತೆ ಅಜ್ಜೀಜೀ" ಎಂದಳು. ಅಜ್ಜಿ ಎನ್ನುವುದೇ ನನ್ನ ಹೆಸರು ಎಂದುಕೊಂಡು ಅದಕ್ಕೊಂದು ಜೀ ಸೇರಿಸಿದ್ದಳು. ಉಪ್ಪಿಟ್ಟು ಕೊಟ್ಟೆ. ತಿಂದಳು. ಮತ್ತೆ ಬಡಿಸಿದೆ. ಬಾಣಲೆ ಖಾಲಿಯಾಯಿತು. "ದೂಧ್ ಹೈ ಅಜ್ಜೀಜೀ?" ಎಂದಳು. ಮರುದಿನ ಬೆಳಗಿನ ಕಾಫಿಯ ಹಾಲೂ ಮುಗಿಯಿತು. ಮೈ ಗಾಡ್, ಆ ಮಗು ತಿನ್ನುವುದನ್ನು ನೋಡುವುದೇ ಒಂದು ಸೊಗಸು.

ಅವಳು ಆಡುವುದನ್ನು ನೋಡಿದ್ದು ಅದರ ಮುಂದಿನ ವಾರ, ಫ್ಲಾಸ್ಕಿನಲ್ಲಿ ಹಾರ್ಲಿಕ್ಸ್ ತೆಗೆದುಕೊಂಡು ಹೋದಾಗ. ನಾನು ಸಂಗೀತ ಕಚೇರಿಗಳನ್ನು ಕೇಳಿದವಳು, ದೊಡ್ಡ ನೃತ್ಯಗಾರರನ್ನು ಮೊದಲ ಸಾಲಿನಲ್ಲಿ ಕೂತು ನೋಡಿದವಳು. ಅಂಥದ್ದೊಂದನ್ನು ಸಿಮೆಂಟಿನ ಅಂಗಳದಲ್ಲಿ ಕಾಣುವೆನೆಂದು ಎಣಿಸಿರಲಿಲ್ಲ. ಬೇರೆ ಹುಡುಗಿಯರು ಹಾರುತ್ತಿದ್ದರು, ಬೀಳುತ್ತಿದ್ದರು. ಸುದೇಶ್ ಮಾತ್ರ ಕೆರೆಯಿಂದ ಕೊಕ್ಕರೆ ಏಳುವ ಹಾಗೆ ಆತುರವಿಲ್ಲದೆ ಮೇಲಕ್ಕೆ ಹೋಗುತ್ತಿದ್ದಳು. ಹೋಗಿ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ನಿಲ್ಲಲು ಆಗುವುದಿಲ್ಲ ಎಂದು ನನಗೂ ಗೊತ್ತು. ಆದರೂ ನಾನು ನೋಡಿದ್ದೇನೆ. ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಬಿದ್ದದ್ದೂ ತಿಳಿಯಲಿಲ್ಲ.

ಒಂದು ಸಂಜೆ ಇಬ್ಬರೂ ಹೋಂವರ್ಕ್ ಮಾಡುತ್ತಿದ್ದರು. ನಾನು ಸ್ವೆಟರಿನ ತೋಳು ಹೆಣೆಯುತ್ತ ಕಡ್ಡಿಯ ಮೇಲಿನ ಹೆಣಿಗೆಯ ಮನೆಗಳನ್ನು ಎಣಿಸುತ್ತಿದ್ದೆ. ಒಂದು, ಎರಡು, ಮೂರು... ಅದೊಂದು ವಿಚಿತ್ರ, ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ನನ್ನ ಓದು, ಪತ್ರ, ಬೈಗುಳ ಎಲ್ಲ ಇಂಗ್ಲಿಷಿಗೆ ತಿರುಗಿತು. ಎಣಿಕೆ ಮಾತ್ರ ಅಮ್ಮ ಕಲಿಸಿದ್ದೇ ಉಳಿದಿತ್ತು.

"ಅಜ್ಜೀಜೀ, ಯೇ ಕ್ಯಾ ಗಿನ್ ರಹೇ ಹೋ?" ಏನು ಎಣಿಸುತ್ತಿದ್ದೀರಿ ಎಂದು ಕೇಳಿದಳು ಸುದೇಶ್. ಹೇಳಿದೆ. ಅವಳು ಪೆನ್ಸಿಲ್ ಕೆಳಗಿಟ್ಟು, "ಫಿರ್ ಸೇ" ಎಂದಳು. ಮತ್ತೆ ಹೇಳಿದೆ. ಆಮೇಲೆ ಪಲ್ಲವಿಯ ಕಡೆ ತಿರುಗಿ ಹಿಂದಿಯಲ್ಲಿ ಅಂದಳು: "ಎದುರಿನವರಿಗೆ ಅರ್ಥ ಆಗತ್ತೆ ಅಂತ ತಾನೆ ನೀನು ಬಾಯಿ ಮುಚ್ಕೊಂಡಿರೋದು? ಇದರಲ್ಲಿ ಕೂಗು. ಇಡೀ ದಿಲ್ಲಿಯಲ್ಲಿ ಯಾವಳಿಗೆ ಅರ್ಥ ಆಗತ್ತೋ ನೋಡೇ ಬಿಡೋಣ."

"ಟೀಮ್‌ಗೂ ಅರ್ಥ ಆಗಲ್ಲ," ಎಂದಳು ಪಲ್ಲವಿ.

"ಟೀಮ್‌ಗೆ ನಾನು ಕಲಿಸ್ತೀನಿ. ಕಲೀದಿದ್ರೆ ಎರಡು ಬಿಗೀತೀನಿ."

ಆಟದಲ್ಲಿ ಅವಳಿಗೆ ಯಾರ ಎಣಿಕೆಯೂ ಬೇಕಿರಲಿಲ್ಲ. ಚೆಂಡು ಎಲ್ಲಿ ಎಸೆದರೂ ಹಿಡಿಯುವ ಹುಡುಗಿ. ಅಂಥವಳು ಕುಳ್ಳಿಯೊಬ್ಬಳ ದನಿ ವಾಪಸ್ ಬರಲೆಂದು ನಮ್ಮ ಹಾಲ್‌ನಲ್ಲಿ ಚಕ್ಕಳಮಕ್ಕಳ ಕೂತು, ಬಾಲವಾಡಿಯ ಮಗುವಿನ ಹಾಗೆ ಹತ್ತರ ತನಕ ಕಲಿತಳು. ನಮ್ಮ ಪಲ್ಲವಿ "ಏಲು" ಎನ್ನುತ್ತಿದ್ದಳು. ಸುದೇಶ್ ಮೊದಲನೇ ಸಲವೇ "ಏಳು" ಎಂದು ಸ್ಪಷ್ಟವಾಗಿ ಹೇಳಿ ನನ್ನನ್ನು ದಂಗುಬಡಿಸಿದಳು. ಅವರ ಹರಿಯಾಣದ ಮಾತಿನಲ್ಲೂ ನಮ್ಮ ಆ ಳಕಾರ ಇದೆಯಂತೆ!

ಜನವರಿಯ ಟೂರ್ನಮೆಂಟಿನ ಮೊದಲ ಮ್ಯಾಚಿನಲ್ಲಿ ಪಲ್ಲವಿ "ಮೂರು" ಎಂದಾಗ ಅದು ಪಕ್ಕದವಳಿಗೂ ಕೇಳಲಿಲ್ಲ. ಮೂರು ಎಂದರೆ ಸುದೇಶ್ ಎಡಮೂಲೆಯಿಂದ ಬುಟ್ಟಿಯ ಕೆಳಗೆ ಓಡಬೇಕು, ಪಲ್ಲವಿ ಚೆಂಡನ್ನು ಎತ್ತರಕ್ಕೆ ಎಸೆಯಬೇಕು. ಸುದೇಶ್ ಮೂಲೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು. "ಸುನಾಯೀ ನಹೀ ದಿಯಾ!" ಕೇಳಿಸಲಿಲ್ಲ ಎಂದು ಅಲ್ಲಿಂದಲೇ ಕಿರುಚಿದಳು. ಪಲ್ಲವಿ ಇನ್ನಷ್ಟು ಜೋರಾಗಿ ಹೇಳಿದಳು. ಆಗ ಓಡಿದಳು. ಎರಡನೇ ಮ್ಯಾಚಿನ ಹೊತ್ತಿಗೆ ಆ ಮೂರು, ಎರಡು, ಒಂದುಗಳು ಗೋಡೆಗೆ ಬಡಿದು ವಾಪಸ್ ಬರುತ್ತಿದ್ದವು. ಪಂಜಾಬಿ ಹುಡುಗಿ, ಬಂಗಾಳಿ ಹುಡುಗಿ ಎಲ್ಲರೂ ಕನ್ನಡದ ಲೆಕ್ಕಕ್ಕೆ ಓಡುತ್ತಿದ್ದಾರೆ! ಎದುರಿನವರು ಕಣ್ಣು ಕಣ್ಣು ಬಿಡುತ್ತಿದ್ದಾರೆ. ಪಲ್ಲವಿ ಚೆಂಡಿನಿಂದ ಕಣ್ಣು ಕಿತ್ತು ತಲೆ ಎತ್ತಿದ್ದಳು.

ಫೈನಲ್ ಕಂಟೋನ್ಮೆಂಟಿನ ಕಡೆ. ಗೀತಾ ಕೂಡ ರಜೆ ಹಾಕಿ ಬಂದಿದ್ದಳು. ಆ ದಿನ ನಾನು ಮಾಡಿದ ತಪ್ಪನ್ನು ದೆಹಲಿಯ ಕನ್ನಡದವರು ಮಾತ್ರ ಮಾಡಬಲ್ಲರು. ಆಟ ಶುರುವಾಗುವ ಮೊದಲು ಹಿಂದಿನ ಸಾಲಿನಿಂದ "ಕ್ಯಾಪ್ ಹಾಕ್ಕೋ, ಶೀತ ಆಗತ್ತೆ" ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಕರೋಲ್ ಬಾಗ್‌ನ ಗದ್ದಲದಲ್ಲೂ ಒಂದು ಕನ್ನಡ ಮಾತು ಕೇಳಿದರೆ ನಿಂತು ಊರು ಕೇಳುವ ಜಾತಿ ನಮ್ಮದು. ತಿರುಗಿಯೇಬಿಟ್ಟೆ.

"ನೀವು ಕನ್ನಡದವರಾ? ಯಾವೂರು?"

"ವಿರಾಜಪೇಟೆ ಹತ್ತಿರ ಆಂಟಿ," ಎಂದರು ಆಕೆ. ಗಂಡ ಆರ್ಮಿಯಲ್ಲಿ ಮೇಜರ್. ಐದು ನಿಮಿಷದಲ್ಲಿ ಕಾಫಿ, ಕಿತ್ತಳೆ, ದೆಹಲಿಯ ಚಳಿ ಎಲ್ಲ ಮುಗಿಸಿ ನಾನು ಹೆಮ್ಮೆಯಿಂದ ಉಬ್ಬಿ ಹೇಳಿದೆ: "ನಮ್ಮ ಹುಡುಗಿಯರು ಕನ್ನಡದಲ್ಲೇ ಆಡ್ತಾರೆ ಗೊತ್ತಾ? ಮೂರು ಅಂತ ಕೂಗಿದರೆ ನೋಡಿ, ಆ ಉದ್ದದ ಹುಡುಗಿ ಎಡಗಡೆಯಿಂದ ಬರ್ತಾಳೆ!"

ಆಕೆಯ ಕಾಲ ಬಳಿ ಕೂತು ಶೂ ಲೇಸ್ ಕಟ್ಟುತ್ತಿದ್ದ ಹುಡುಗಿ ತಲೆ ಎತ್ತಿ ನನ್ನನ್ನು ನೋಡಿ ನಕ್ಕಳು. ಮೈಮೇಲೆ ಎದುರು ಟೀಮಿನ ನೇರಳೆ ಜೆರ್ಸಿ.

"ನಮ್ಮ ಮಗಳು ದೇಚು," ಎಂದರು ಆಕೆ.

ಸೀತೆಯ ಹಾಗೆ ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

ಮೊದಲರ್ಧ ನಾನು ನೋಡಲಾರದೆ ನೋಡಿದೆ. ಪಲ್ಲವಿ ಮೂರು ಎಂದರೆ ದೇಚು "ಲೆಫ್ಟ್! ಲೆಫ್ಟ್!" ಎನ್ನುತ್ತಿದ್ದಳು, ಇಬ್ಬರು ಹೋಗಿ ಸುದೇಶಳ ದಾರಿಗೆ ನಿಲ್ಲುತ್ತಿದ್ದರು. ನಾಲ್ಕು ಸಲ ಚೆಂಡು ಹೋಯಿತು. ಐದನೇ ಸಲಕ್ಕೆ ಪಲ್ಲವಿಯ ತಲೆ ಮತ್ತೆ ಕೆಳಗೆ. ಪಕ್ಕದಲ್ಲಿ ಗೀತಾ ಪರ್ಸಿನ ಜಿಪ್ ಎಳೆದಳು, ಮುಚ್ಚಿದಳು.

ಬಿಡುವಿನಲ್ಲಿ ಹೋಗಿ ತಪ್ಪೊಪ್ಪಿಕೊಂಡೆ. ಪಲ್ಲವಿ, "ಅಜ್ಜೀ! ಹೌ ಕುಡ್ ಯೂ?" ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ಸುದೇಶ್ ಮಾತ್ರ ಹೊಟ್ಟೆ ಹಿಡಿದು ನಕ್ಕಳು. ಕೋಚ್ ಸರ್ ನಗಲಿಲ್ಲ. "ಸುದೇಶ್, ಈಗಿಂದ ಬಾಲ್ ನೀನೇ ತಾ. ಪಲ್ಲವಿ, ಸಿಟ್."

"ನಹೀ ಸರ್," ಎಂದಳು ಸುದೇಶ್. ನಗು ನಿಂತಿತ್ತು. "ಬಾಲ್ ಇವಳೇ ತರ್ತಾಳೆ. ಇವಳು ಕೂತರೆ ನಾನೂ ಕೂತೆ."

ಆಮೇಲೆ ಪಲ್ಲವಿಯ ಮುಖದಿಂದ ಟವೆಲ್ ಎಳೆದು ಹೇಳಿದಳು. ನಾನು ಹತ್ತಿರವೇ ಇದ್ದೆ. "ಗೊತ್ತಾದರೆ ಆಗಲಿ. ಎಲ್ಲರಿಗೂ ಗೊತ್ತಾಗಲಿ. ನೀನು ಎತ್ತರಕ್ಕೆ ಎಸಿ. ಅಲ್ಲಿಗೆ ಅವರಲ್ಲಿ ಯಾರು ಬರ್ತಾರೆ ನಾನೂ ನೋಡ್ತೀನಿ."

ಎರಡನೇ ಅರ್ಧದಲ್ಲಿ ಪಲ್ಲವಿ ಚೆಂಡು ಬಡಿಯುತ್ತ ನಡುಗೆರೆ ದಾಟಿ ನಿಂತಳು. ತಲೆ ಎತ್ತಿದಳು. ದೇಚುವಿನ ಮುಖವನ್ನೇ ನೋಡುತ್ತ, ಸ್ಟೇಡಿಯಂ ಪೂರ್ತಿ ಕೇಳುವಂತೆ ಕೂಗಿದಳು: "ಮೂರು!"

ನೇರಳೆ ಜೆರ್ಸಿಗಳೆಲ್ಲ ಎಡಕ್ಕೆ ಓಡಿದವು. ಸುದೇಶಳೂ ಓಡಿದಳು, ಅವರ ನಡುವಿನಿಂದಲೇ. ಚೆಂಡು ಹೋಯಿತು, ನಾನು ತಪ್ಪಿತು ಎಂದುಕೊಂಡೆ, ಅಷ್ಟು ಎತ್ತರ. ಆಗ ಆ ಕೈಗಳ ಕಾಡಿನ ಮೇಲೆ ಒಂದೇ ಒಂದು ಕೈ ಎದ್ದಿತು. ಬಿಚ್ಚಿಟ್ಟ ಗುಟ್ಟು, ಎಲ್ಲರಿಗೂ ತಿಳಿದ ಜಾಗ, ತಿಳಿದ ಹೊತ್ತು, ಆದರೂ ಯಾರೂ ತಡೆಯಲಾರರು. ಮತ್ತೆ ಮೂರು, ಮತ್ತೆ ಮೂರು. ಎದ್ದು ನಿಂತು, ಅರವತ್ತೆಂಟು ವರ್ಷದ ನಾನು "ಮೂರು! ಮೂರು!" ಎಂದು ಕಿರುಚುತ್ತಿದ್ದೆ. ಹಿಂದಿನಿಂದ ದೇಚುವಿನ ತಾಯಿಯೂ ನಗುತ್ತ ಚಪ್ಪಾಳೆ ತಟ್ಟುತ್ತಿದ್ದರು.

ಕೊನೆಯ ಕೆಲವು ಸೆಕೆಂಡು. ಒಂದೇ ಪಾಯಿಂಟ್ ಹಿಂದೆ. ಪಲ್ಲವಿ ಕೂಗಿದಳು, ಎಸೆದಳು, ಸುದೇಶ್ ಹಿಡಿದಳು. ಮೂವರು ಸುತ್ತುಗಟ್ಟಿದರು. ಅವಳು ಹಾಗೇ ಎಸೆಯಬಹುದಿತ್ತು, ಅವಳಿಗೆ ಅದೇನು ದೊಡ್ಡದು? ಗಾಳಿಯಲ್ಲಿದ್ದ ಹಾಗೆಯೇ ತಿರುಗಿ, ಬುಟ್ಟಿಯ ಮುಂದೆ ಒಬ್ಬಳೇ ನಿಂತಿದ್ದ ಪಲ್ಲವಿಗೆ ಚೆಂಡು ಕೊಟ್ಟಳು. ಪಲ್ಲವಿ ಎಸೆದಳು. ಚೆಂಡು ಬುಟ್ಟಿಯ ಬಳೆಯ ಮೇಲೆ ಒಂದು ಸುತ್ತು ಸುತ್ತಿ, ಹೊರಗೆ ಬಿತ್ತು. ಸೀಟಿ ಊದಿದರು.

ಸೋತೆವು.

ಮಗು ಅಳುತ್ತದೆ ಎಂದು ಓಡಿದೆ. ಅವಳು ಬೆವರಿನಲ್ಲಿ ತೊಯ್ದು, ಕಣ್ಣು ಅಗಲಿಸಿಕೊಂಡು ನಿಂತಿದ್ದಳು. "ಅಜ್ಜಿ, ನೋಡಿದ್ಯಾ? ನಂಗೆ ಕೊಟ್ಳು. ಸುದೇಶ್ ಕೊನೇ ಬಾಲ್ ನಂಗೇ ಕೊಟ್ಳು."

ಹಿಂದೆ ಬಂದ ಗೀತಾ ಮಗಳ ಹೆಗಲಿಗೆ ಸ್ವೆಟರ್ ಹೊದಿಸಿ, "ನಾಳೆ ಪ್ರಾಕ್ಟೀಸ್ ಎಷ್ಟು ಗಂಟೆಗೆ?" ಎಂದಳು.

ಸುದೇಶ್ ಮರುವರ್ಷ ಸ್ಪೋರ್ಟ್ಸ್ ಹಾಸ್ಟೆಲಿಗೆ ಹೋದಳು. ಪೊಲೀಸ್ ಕೆಲಸ ಸಿಕ್ಕಿತೆಂದು ಒಮ್ಮೆ ಫೋನ್ ಮಾಡಿದ್ದಳು. ಆಮೇಲೆ ಆ ನಂಬರಿನಲ್ಲಿ ಬೇರೆ ಯಾರೋ ಮಾತಾಡಿದರು. ಈಗಲೂ ಮೆಟ್ರೋದಲ್ಲಿ ಎತ್ತರದ ಹೆಂಗಸು ಕಂಡರೆ ಮುಖ ತಿರುಗಿಸಲಿ ಎಂದು ಕಾಯುತ್ತೇನೆ. ಸ್ಕೂಲಿನ ಆ ಕೋರ್ಟಿನ ಮೇಲೆ ಹೊಸ ಬ್ಲಾಕ್ ಎದ್ದಿದೆ. ಪಲ್ಲವಿ ನೋಯ್ಡಾದಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ, ಮೃದುವಾದ ಇಂಗ್ಲಿಷಿನಲ್ಲಿ ಮೀಟಿಂಗ್ ನಡೆಸುತ್ತಾಳೆ. ನನ್ನ ಕಿವಿಯೂ ಮಂದವಾಗಿದೆ. ಈಗ ಯಾರಾದರೂ ಕೂಗಿದರೂ ನನಗೆ ಪಿಸುಮಾತೇ.

ಹೋದ ತಿಂಗಳು ಅವಳು ಬಂದಾಗ ಆ ಚಳಿಗಾಲದ ಮಾತೆತ್ತಿದೆ. ಫೋನಿನಿಂದ ಕಣ್ಣು ತೆಗೆದು, ಮುಖವೆಲ್ಲ ಅರಳಿಸಿ, "ಓಹ್ ಅಜ್ಜಿ, ದಟ್ ಫೈನಲ್! ಲಾಸ್ಟ್ ಶಾಟ್ ನಂದೇ ಅಲ್ವಾ? ನಾವು ಗೆದ್ವಿ!" ಎಂದಳು.

ನನಗೆ ಆ ಚೆಂಡು ಬಳೆಯ ಮೇಲೆ ಸುತ್ತಿದ್ದು ನಿನ್ನೆಯಷ್ಟು ಸ್ಪಷ್ಟವಾಗಿದೆ. ಗೀತಾ ಕೂಡ ಮರೆತಿದ್ದಾಳೆ, ಅದನ್ನು ನೆನಪಿಟ್ಟುಕೊಂಡವಳು ಈ ಮನೆಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ನಾನು ಹೋದರೆ ಆ ಒಂದು ಪಾಯಿಂಟೂ ನನ್ನ ಜೊತೆಗೇ ಹೋಗುತ್ತದೆ.

"ಹೂಂ," ಎಂದೆ.